ಓಸ್ ಊರಿನ ಗುಳಿಗೆ, ನಮ್ಮೂರಿನ ಮಾಲಾ-ಡಿ



ಈ ಸಲದ ವಿಷಯ ಸ್ವಲ್ಪ ಮುಜುಗರದ್ದು. ನಮ್ಮ ಕೂಟದ ಯುಗಾದಿ ಊಟದಲ್ಲಿ ಒಬ್ಬಟ್ಟು, ಮನೆ ಸಾಲ, ಡಚ್ ಪರೀಕ್ಷೆ, ಮಕ್ಕಳ ಈಜಿನ ಡಿಪ್ಲೊಮಾ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡುತ್ತೇವೆ. ಗರ್ಭನಿರೋಧಕ ಮಾತ್ರೆಯ ಮಾತು ಮಾತ್ರ ಅಡುಗೆಮನೆಯ ಮೂಲೆಯಲ್ಲಿ, ಇಬ್ಬರ ನಡುವೆ, ಪಿಸುದನಿಯಲ್ಲಿ ಮುಗಿದುಹೋಗುತ್ತದೆ. "ಅದನ್ನ ತಗೊಂಡ್ರೆ ಆಮೇಲೆ ಮಕ್ಕಳೇ ಆಗಲ್ವಂತೆ ಕಣೇ", "ದಪ್ಪ ಆಗ್ತಾರಂತೆ", "ಕ್ಯಾನ್ಸರ್ ಬರುತ್ತಂತೆ"... ಎಲ್ಲವೂ ಅಂತೆ-ಕಂತೆ. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರು. ಆದರೆ ಅಂಕಿ-ಅಂಶ ನೋಡದೆ ಯಾವುದನ್ನೂ ನಂಬದ ಚಾಳಿ ನನ್ನದು. ಹಾಗೆ ನೋಡುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಗಂಡಸರೂ ದಯವಿಟ್ಟು ಓದಿ!

ನಮ್ಮಲ್ಲಿ ಐಂಡ್ಹೋವನ್, ಡೆನ್ ಬಾಸ್ ಕಡೆ ಇರುವವರಿಗೆ ಓಸ್ ಎಂಬ ಊರು ಗೊತ್ತಿರುತ್ತದೆ. ಡೆನ್ ಬಾಸ್‌ನಿಂದ ನೈಮೇಖನ್‌ಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಇಳಿದು ನೋಡುವಂಥ ಊರೇನಲ್ಲ. ಆದರೆ ಜಗತ್ತಿನ ಲಕ್ಷಾಂತರ ಹೆಂಗಸರು ದಿನವೂ ನುಂಗುವ ಗುಳಿಗೆಯ ಚರಿತ್ರೆಯಲ್ಲಿ ಈ ಊರಿಗೆ ದೊಡ್ಡ ಜಾಗವಿದೆ. 1923ರಲ್ಲಿ ಇಲ್ಲಿಯ ಮಾಂಸದ ಕಾರ್ಖಾನೆಯ ಮಾಲೀಕ ಸಾಲ್ ವಾನ್ ಜ್ವಾನೆನ್‌ಬರ್ಗ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಅರ್ನ್ಸ್ಟ್ ಲಾಕರ್ ಸೇರಿ ಆರ್ಗನಾನ್ ಎಂಬ ಕಂಪನಿ ಶುರುಮಾಡಿದರು. ಕಡಿದ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವುದು ಮೊದಲ ಕೆಲಸ. ಅಲ್ಲಿಂದ ಹಾರ್ಮೋನುಗಳ ಕಡೆಗೆ ಹೊರಳಿ, 1962ರಲ್ಲಿ ಲಿಂಡಿಯಾಲ್ ಎಂಬ ಗರ್ಭನಿರೋಧಕ ಮಾತ್ರೆ ತಂದರು. 1981ರಲ್ಲಿ ಮಾರ್ವೆಲಾನ್ ಬಂತು. ತೋಳಿನ ಚರ್ಮದಡಿ ಇಡುವ ಕಡ್ಡಿ ಇಂಪ್ಲಾನಾನ್, ತಿಂಗಳ ಬಳೆ ನೂವಾರಿಂಗ್, ಇವೂ ಈ ಕಂಪನಿಯವೇ.

ಲಿಂಡಿಯಾಲ್ ಬಂದಾಗ ಈ ಬ್ರಾಬಾಂಟ್ ಸೀಮೆ ಕಟ್ಟಾ ಕ್ಯಾಥೊಲಿಕ್. ಮನೆಗೆ ಎಂಟು-ಹತ್ತು ಮಕ್ಕಳು ಸಾಮಾನ್ಯ. ಮದುವೆಯಾಗಿ ವರ್ಷ ತುಂಬಿದರೆ, ಇಲ್ಲವೇ ಕೊನೆಯ ಮಗು ನಡೆಯತೊಡಗಿದರೆ, ಪಾದ್ರಿಯೇ ಮನೆಗೆ ಬಂದು "ಇನ್ನೂ ತೊಟ್ಟಿಲು ಖಾಲಿಯೇಕೆ?" ಎಂದು ವಿಚಾರಿಸುತ್ತಿದ್ದರಂತೆ. (ನಮ್ಮ ಅತ್ತೆ-ಚಿಕ್ಕಮ್ಮಂದಿರು ಫೋನಿನಲ್ಲಿ ಕೇಳುವ "ಏನಾದ್ರೂ ವಿಶೇಷ ಇದ್ಯಾ?" ನೆನಪಾಗಲಿಲ್ಲವೇ?) ಅಂಥ ಕಾಲದಲ್ಲಿ, 1963ರ ಮಾರ್ಚ್‌ನಲ್ಲಿ, ಡೆನ್ ಬಾಸ್‌ನ ಬಿಷಪ್ ಬೆಕ್ಕರ್ಸ್ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಎಷ್ಟು ಮಕ್ಕಳು ಎಂಬುದು ಗಂಡ-ಹೆಂಡಿರ ಮನಸ್ಸಾಕ್ಷಿಗೆ ಬಿಟ್ಟ ವಿಷಯ ಎಂಬರ್ಥದ ಮಾತಾಡಿದರು. ಇಡೀ ದೇಶದಲ್ಲಿ ಗುಲ್ಲೆದ್ದಿತು. ಇಲ್ಲಿಯ ಹಿರಿಯ ಹೆಂಗಸರನ್ನು ಕೇಳಿ ನೋಡಿ, ಆ ಮಾತನ್ನು ಇಂದಿಗೂ ನೆನೆಯುತ್ತಾರೆ. ಗರ್ಭನಿರೋಧಕಗಳ ಬಹಿರಂಗ ಮಾರಾಟದ ಮೇಲಿದ್ದ ಹಳೆಯ ನಿಷೇಧ ಈ ದೇಶದಲ್ಲಿ ಹೋದದ್ದು 1969ರಲ್ಲಷ್ಟೇ ಎಂದರೆ ನಂಬುತ್ತೀರಾ?

ಹಾಗೆಂದು ಡಚ್ಚರೇ ಮುಂದು, ನಾವೇ ಹಿಂದು ಎಂದುಕೊಳ್ಳಬೇಕಾಗಿಲ್ಲ. ಈ ದೇಶದ ಮೊದಲ ಮಹಿಳಾ ವೈದ್ಯೆ ಅಲೆಟ್ಟಾ ಯಾಕೊಬ್ಸ್ 1882ರ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನ ಬಡ ಹೆಂಗಸರಿಗೆ ರಬ್ಬರಿನ ಟೋಪಿಯಂಥ ಗರ್ಭನಿರೋಧಕ ಕೊಡುತ್ತಿದ್ದರು, ನಿಜ. ಆದರೆ ಸರ್ಕಾರವೇ ಮುಂದೆ ನಿಂತು ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಎಲ್ಲಿ ಗೊತ್ತೇ? ನಮ್ಮ ಮೈಸೂರು ಸಂಸ್ಥಾನದಲ್ಲಿ! 1930ರ ಜೂನ್ 11ರ ಆದೇಶ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಗಾಂಧೀಜಿಯವರು ಕೃತಕ ಸಂತಾನ ನಿಯಂತ್ರಣವನ್ನು ಬಲವಾಗಿ ವಿರೋಧಿಸುತ್ತಿದ್ದ ದಿನಗಳಲ್ಲಿ ಮೈಸೂರು ಈ ಧೈರ್ಯ ಮಾಡಿತ್ತು. ಕನ್ನಂಬಾಡಿ, ಶಿವನಸಮುದ್ರದ ಬಗ್ಗೆ ಎದೆಯುಬ್ಬಿಸಿ ಹೇಳುವ ನಾವು ಇದನ್ನೇಕೆ ಹೇಳುವುದಿಲ್ಲವೋ!

ಇನ್ನೊಂದು ಸ್ವಾರಸ್ಯ ಕೇಳಿ. ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಮಾಲಾ-ಡಿ ಜಾಹೀರಾತು ಬಂದರೆ ಅಪ್ಪ ತಟ್ಟನೆ ಪೇಪರ್ ಎತ್ತಿಕೊಳ್ಳುತ್ತಿದ್ದರು, ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಆ ಮಾಲಾ-ಡಿಯಲ್ಲಿ ಇರುವುದು 150 ಮೈಕ್ರೋಗ್ರಾಂ ಲೆವೊನಾರ್ಜೆಸ್ಟ್ರೆಲ್, 30 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಡಾಯಾಲ್. ಇವತ್ತು ಇಲ್ಲಿ ನಮ್ಮ ಹೌಸ್‌ಆರ್ಟ್ಸ್, ಅಂದರೆ ಮನೆ ಡಾಕ್ಟರು, ಮಾತ್ರೆ ಬೇಕೆಂದವರಿಗೆ ಮೊದಲ ಆಯ್ಕೆಯಾಗಿ ಬರೆಯುವುದು ಏನು? ಅದೇ ಎರಡು ಔಷಧ, ಅದೇ ಅಳತೆ! ಮಾಲಾ-ಡಿಯಲ್ಲಿ ಕೊನೆಯ ಏಳು ದಿನಕ್ಕೆ ಕಬ್ಬಿಣದ ಮಾತ್ರೆ ಸೇರಿಸಿರುತ್ತಾರೆ, ಇಲ್ಲಿ ಆ ಏಳು ದಿನ ಖಾಲಿ. ಅಷ್ಟೇ ವ್ಯತ್ಯಾಸ. ಸರ್ಕಾರಿ ಆಸ್ಪತ್ರೆಯ ಅಗ್ಗದ ಮಾಲು ಎಂದು ಮೂಗು ಮುರಿಯುತ್ತಿದ್ದವರು ಗಮನಿಸಬೇಕು.

ಹೊಸ ಹೊಸ ಮಾತ್ರೆಗಳು ಬಂದಿರುವಾಗ ಡಚ್ ಡಾಕ್ಟರು ಈ ಹಳೆಯದನ್ನೇ ಏಕೆ ಹಿಡಿದುಕೊಂಡಿದ್ದಾರೆ? ಇಲ್ಲೇ ಕಥೆಯ ಮುಖ್ಯ ಭಾಗ ಇರುವುದು. ಓಸ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಲೈಡನ್ ವಿಶ್ವವಿದ್ಯಾಲಯವಿದೆ. ಓಸ್ ಮಾತ್ರೆ ಮಾಡುವ ಊರಾದರೆ, ಲೈಡನ್ ಆ ಮಾತ್ರೆಯಿಂದ ಯಾರಿಗೆ ರಕ್ತ ಹೆಪ್ಪುಗಟ್ಟಿತು ಎಂದು ಲೆಕ್ಕ ಹಾಕುವ ಊರು. ಮಾತ್ರೆಯ ಈಸ್ಟ್ರೊಜೆನ್ ಭಾಗ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಕಾಲಿನ ಒಳನಾಳದಲ್ಲಿ ಹೆಪ್ಪು ಕಟ್ಟಿ, ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. 1994ರಲ್ಲಿ ಲೈಡನ್ನಿನವರು ಒಂದು ಆನುವಂಶಿಕ ದೋಷ ಪತ್ತೆಮಾಡಿದರು, ಅದಕ್ಕೆ ಫ್ಯಾಕ್ಟರ್ ಫೈವ್ ಲೈಡನ್ ಎಂದೇ ಹೆಸರು. ಅದಿರುವ ಹೆಂಗಸು ಮಾತ್ರೆಯನ್ನೂ ತೆಗೆದುಕೊಂಡರೆ ಅಪಾಯ ಮೂವತ್ತು ಪಟ್ಟು ದಾಟುತ್ತದೆ ಎಂದು ಅದೇ ವರ್ಷ ತೋರಿಸಿದರು. ಮರುವರ್ಷ ಅವರೂ ಇತರರೂ ಮಾಡಿದ ಅಧ್ಯಯನಗಳಲ್ಲಿ, ಮಾರ್ವೆಲಾನ್‌ನಂಥ ಹೊಸ ಪೀಳಿಗೆಯ ಮಾತ್ರೆಗಳಲ್ಲಿ ಈ ಅಪಾಯ ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ಎಂದು ಬಂತು. ತಮ್ಮದೇ ದೇಶದ ಹೆಮ್ಮೆಯ ಮಾತ್ರೆ! ಕಂಪನಿಗಳು ವರ್ಷಗಟ್ಟಲೆ ತಕರಾರು ಮಾಡಿದವು. ಲೈಡನ್ನಿನವರು ಲೆಕ್ಕ ಬದಲಿಸಲಿಲ್ಲ.

ಈ "ಎರಡು ಪಟ್ಟು" ಎಂಬ ಪದ ಮಾಡಿದ ಅನಾಹುತ ನೋಡಿ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆ ಕೊಟ್ಟಿತು. ಟಿ.ವಿ., ಪತ್ರಿಕೆಗಳಲ್ಲಿ ಅಬ್ಬರ. ಗಾಬರಿಯಾದ ಹೆಂಗಸರು ಡಾಕ್ಟರನ್ನೂ ಕೇಳದೆ ಅರ್ಧಕ್ಕೇ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಸಾವಿರಾರು ಏರಿತು. ಬಸುರಿಯಾಗಿ ಉಳಿದವರಿಗೂ ರಕ್ತ ಹೆಪ್ಪುಗಟ್ಟುವ ಅಪಾಯ ತಪ್ಪಲಿಲ್ಲ, ಏಕೆಂದರೆ ಬಸಿರು-ಬಾಣಂತನದಲ್ಲಿ ಆ ಅಪಾಯ ಯಾವ ಮಾತ್ರೆಗಿಂತಲೂ ಹೆಚ್ಚು.

ಎರಡು ಪಟ್ಟು ಎಂದರೆ ಯಾವುದರ ಎರಡು ಪಟ್ಟು? ಇದನ್ನು ಕೇಳದೆ ಬಿಡಬಾರದು. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಎಲ್ಲವನ್ನೂ ಪರಿಶೀಲಿಸಿ ಕೊಟ್ಟ ಲೆಕ್ಕ ಹೀಗಿದೆ: ಮಾತ್ರೆ ತೆಗೆದುಕೊಳ್ಳದ, ಬಸುರಿಯೂ ಅಲ್ಲದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಹೀಗೆ ರಕ್ತ ಹೆಪ್ಪುಗಟ್ಟುತ್ತದೆ. ಮಾಲಾ-ಡಿಯಂಥ ಲೆವೊನಾರ್ಜೆಸ್ಟ್ರೆಲ್ ಮಾತ್ರೆಯಲ್ಲಿ 5ರಿಂದ 7. ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್, ಡ್ರೊಸ್ಪಿರೆನೋನ್ ಇರುವ ಮಾತ್ರೆಗಳಲ್ಲಿ 9ರಿಂದ 12. ಬಳೆಗೆ 6ರಿಂದ 12. ಹೊಸದೇ ಒಳ್ಳೆಯದು ಎಂಬ ನಮ್ಮ ಸಾಫ್ಟ್‌ವೇರ್ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು.

ಆದರೆ ಈ ಸರಾಸರಿಯೆಲ್ಲ ಸರಾಸರಿ ಹೆಂಗಸಿಗೆ. ನನಗೆ?

ಎರಡನೆಯ ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ನಾನು ಮಾತ್ರೆ ಕೇಳಲು ಹೋದಾಗ ನಮ್ಮ ಡಾಕ್ಟರಮ್ಮ ಮೊದಲು ಬಿ.ಪಿ. ನೋಡಿದರು. ಆಮೇಲೆ ಪ್ರಶ್ನೆಗಳು. ಸಿಗರೇಟು ಸೇದುತ್ತೀರಾ? (ಮೂವತ್ತೈದು ದಾಟಿ ಸಿಗರೇಟು ಸೇದುವವರಿಗೆ ಈ ಮಾತ್ರೆ ಕೊಡುವುದಿಲ್ಲ.) ಅರೆತಲೆನೋವು ಬರುತ್ತದೆಯೇ, ಬರುವ ಮುಂಚೆ ಕಣ್ಣ ಮುಂದೆ ಮಿಂಚಿನ ಗೆರೆಗಳು ಕಾಣುತ್ತವೆಯೇ? (ಕಂಡರೆ ಪಾರ್ಶ್ವವಾಯುವಿನ ಅಪಾಯ, ಆದ್ದರಿಂದ ಕೊಡುವುದಿಲ್ಲ.) ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಟ್ರೊಂಬೋಸೆ ಆಗಿತ್ತೇ? ಈ ಕೊನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎಂದೆ.

ಅಂದೇ ಸಂಜೆ ಹಾಸನಕ್ಕೆ ಫೋನ್ ಮಾಡಿದೆ.

"ಅಮ್ಮ, ನಮ್ಮ ಮನೇಲಿ ಯಾರಿಗಾದ್ರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ?"

"ಯಾಕೇ? ನಿಂಗೇನಾಯ್ತೇ?"

"ನಂಗೇನೂ ಆಗಿಲ್ಲ. ಡಾಕ್ಟ್ರು ಕೇಳಿದ್ರು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಮ್ಮ ಹೇಳಿದರು: "ನಂಗೇ ಆಗಿತ್ತಲ್ಲೇ, ನಿನ್ನ ತಮ್ಮನ ಬಾಣಂತನದಲ್ಲಿ. ಎಡಗಾಲು ಕಂಬದ ಥರ ಬಾತ್ಕೊಂಡು ಬೆಂಗ್ಳೂರಿಗೆ ಕರ್ಕೊಂಡು ಹೋಗಿದ್ರು. ಹೊಟ್ಟೆಗೆ ಸೂಜಿ ಹಾಕಿದ್ರು, ಆಮೇಲೆ ಆರು ತಿಂಗ್ಳು ರಕ್ತ ತೆಳು ಮಾಡೋ ಮಾತ್ರೆ. ಬಾಣಂತಿ ಸನ್ನಿ ಅಂತ ಅಜ್ಜಿ ಎಲ್ರಿಗೂ ಹೇಳಿದ್ರು. ಅದನ್ನೆಲ್ಲ ನಿಂಗ್ಯಾಕೆ ಹೇಳೋದು ಅಂತ..."

ಮೂವತ್ತು ವರ್ಷ! ನಮ್ಮ ಮನೆಯಲ್ಲಿ ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದು ಎಲ್ಲರಿಗೂ ಗೊತ್ತು. ಅಮ್ಮನ ಕಾಲಿನ ಹೆಪ್ಪು ಗೊತ್ತಿರಲಿಲ್ಲ. ವಾರದ ಮೇಲೆ ಡಾಕ್ಟರಮ್ಮನಿಗೆ ಹೇಳಿದೆ. ಈಸ್ಟ್ರೊಜೆನ್ ಇರುವ ಮಾತ್ರೆ, ಬಳೆ, ಪಟ್ಟಿ ಮೂರೂ ನಿಮಗೆ ಬೇಡ, ಬೇರೆ ದಾರಿ ಬೇಕಾದಷ್ಟಿವೆ ಎಂದರು. ಕೊನೆಗೆ ನಾನು ಹಾರ್ಮೋನ್ ಸ್ಪಿರಾಲ್ ಹಾಕಿಸಿಕೊಂಡೆ. ಹಾಕುವಾಗ ನೋವಾಯಿತು, ಸುಳ್ಳು ಹೇಳುವುದಿಲ್ಲ. ಮೊದಲ ನಾಲ್ಕು ತಿಂಗಳು ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಂಡು ರೇಜಿಗೆಯಾಯಿತು. ಆಮೇಲೆ ಮುಟ್ಟೇ ಕಡಿಮೆಯಾಯಿತು. ಅದರಿಂದ ತೊಂದರೆಯಿಲ್ಲ, "ಕೆಟ್ಟ ರಕ್ತ ಒಳಗೇ ಉಳಿಯುತ್ತೆ" ಎಂಬುದು ಸುಳ್ಳು. ಗರ್ಭಕೋಶದ ಒಳಪದರ ತೆಳ್ಳಗೇ ಇರುವುದರಿಂದ ಹೊರಗೆ ಬರಲು ಏನೂ ಇರುವುದಿಲ್ಲ.

ಈಗ, ಇವು ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ? ಏನೂ ಬಳಸದ ನೂರು ಜೋಡಿಗಳಲ್ಲಿ ವರ್ಷದೊಳಗೆ ಸುಮಾರು 85 ಬಸಿರಾಗುತ್ತವೆ. ಮಾತ್ರೆಯನ್ನು ಒಂದು ದಿನವೂ ತಪ್ಪದೆ ತೆಗೆದುಕೊಂಡರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ನಿಜ ಜೀವನದಲ್ಲಿ, ಮರೆವು, ವಾಂತಿ, ಪ್ರಯಾಣ ಎಲ್ಲ ಸೇರಿ, 7ರ ಆಸುಪಾಸು. ಕಾಂಡೋಮ್ 13. ಸ್ಪಿರಾಲ್, ತೋಳಿನ ಕಡ್ಡಿ ಒಂದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ಮರೆಯಲು ಏನೂ ಇಲ್ಲ. ಔಷಧ ಸೋಲುವುದು ಕಡಿಮೆ, ಸೋಲುವುದು ನಮ್ಮ ದಿನಚರಿ. ಮಾತ್ರೆ ನುಂಗಿ ಮೂರ್ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಅದು ಲೆಕ್ಕಕ್ಕಿಲ್ಲ. ಇಲ್ಲಿಯ ಡ್ರೋಖಿಸ್ಟ್ ಅಂಗಡಿಗಳಲ್ಲಿ ಮನಸ್ಸಿನ ಬೇಸರಕ್ಕೆಂದು ಸಿಂಟ್-ಯಾನ್ಸ್‌ಕ್ರೌಡ್ ಎಂಬ ಗಿಡಮೂಲಿಕೆ ಮಾರುತ್ತಾರೆ, ಗಿಡಮೂಲಿಕೆಯಲ್ಲವೇ ಎಂದು ನಂಬಿ ತೆಗೆದುಕೊಳ್ಳಬೇಡಿ, ಅದು ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಕೆಲವು ಔಷಧಗಳೂ ಹಾಗೆಯೇ. ಸಾಮಾನ್ಯ ಆಂಟಿಬಯಾಟಿಕ್‌ಗಳಿಂದ ತೊಂದರೆಯಿಲ್ಲ. ಎಲ್ಲ ಕೈಮೀರಿದಾಗ ತೆಗೆದುಕೊಳ್ಳುವ ತುರ್ತು ಮಾತ್ರೆ ಅದೇ ಡ್ರೋಖಿಸ್ಟ್‌ನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು.

ಉಳಿದ ಅಂತೆ-ಕಂತೆಗಳು. ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು: ಮಾತ್ರೆ ಬಿಟ್ಟ ಮೇಲೆ ಫಲವತ್ತತೆ ಬೇಗನೆ ಮರಳುತ್ತದೆ. ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದು ಮಾತ್ರ ಇದಕ್ಕೆ ಹೊರತು, ಅದರ ನಂತರ ಬಹಳ ತಿಂಗಳು ಕಾಯಬೇಕಾಗಬಹುದು. ತೂಕ ಹೆಚ್ಚುವ ದೂರೂ ಹೆಚ್ಚಾಗಿ ಆ ಚುಚ್ಚುಮದ್ದಿಗೇ ಸಲ್ಲುತ್ತದೆ. ಕ್ಯಾನ್ಸರ್ ವಿಷಯದಲ್ಲಿ ಎರಡೂ ಕಡೆ ಇದೆ. 2017ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದೊಡ್ಡ ಅಧ್ಯಯನದಲ್ಲಿ ಹಾರ್ಮೋನ್ ಬಳಸುವವರಲ್ಲಿ ಸ್ತನ ಕ್ಯಾನ್ಸರ್ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಎಂದು ಬಂತು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಲೆಕ್ಕ ಹಾಕಿದರೆ ಸುಮಾರು 7,700 ಜನ ಒಂದು ವರ್ಷ ಬಳಸಿದರೆ ಒಬ್ಬರಿಗೆ ಹೆಚ್ಚುವರಿಯಾಗಿ. ಇನ್ನೊಂದು ಕಡೆ ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಮಾತ್ರೆ ಕಡಿಮೆ ಮಾಡುತ್ತದೆ. ಮನಸ್ಸು ಕುಗ್ಗುವ ದೂರನ್ನು ಮಾತ್ರ "ಎಲ್ಲ ನಿನ್ನ ಭ್ರಮೆ" ಎಂದು ತಳ್ಳಿಹಾಕಬಾರದು. ಡೆನ್ಮಾರ್ಕಿನದೇ 2016ರ ಅಧ್ಯಯನದಲ್ಲಿ, ವಿಶೇಷವಾಗಿ ಹದಿಹರೆಯದವರಲ್ಲಿ, ಅದರ ಸುಳಿವು ಸಿಕ್ಕಿದೆ. ಮಗಳು ಮಂಕಾಗಿದ್ದರೆ ಕೇಳಿ, ಡಾಕ್ಟರಿಗೂ ಹೇಳಿ.

ಈಗ ನಮ್ಮವರ ವಿಶೇಷಕ್ಕೆ ಬರೋಣ. ಗರ್ಭನಿರೋಧಕ ಮಾತ್ರೆ ಎಂದರೆ ಹೌಹಾರುವ ಮನೆಗಳಲ್ಲೇ, ಗೃಹಪ್ರವೇಶಕ್ಕೋ ಮದುವೆಗೋ ಸತ್ಯನಾರಾಯಣ ಪೂಜೆಗೋ "ಮುಂದಕ್ಕೆ ಹಾಕೋ ಮಾತ್ರೆ" ಧಾರಾಳವಾಗಿ ನಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವವರಿಲ್ಲ. ಅದು ನಾರೆಥಿಸ್ಟಿರೋನ್, ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಮೂರು. ಅದೂ ಹಾರ್ಮೋನೇ ಸ್ವಾಮಿ! ಅದರಲ್ಲಿ ಸ್ವಲ್ಪ ಭಾಗ ದೇಹದೊಳಗೆ ಎಥಿನೈಲ್ ಎಸ್ಟ್ರಡಾಯಾಲ್ ಆಗಿಯೇ ಬದಲಾಗುತ್ತದೆ. ಆದ್ದರಿಂದ ನನ್ನಂಥ ಮನೆತನದವರಿಗೆ ಮಾಲಾ-ಡಿ ಹೇಗೋ ಇದೂ ಹಾಗೆಯೇ. ಸಾಲದ್ದಕ್ಕೆ ಹಾಗೆ ತೆಗೆದುಕೊಂಡಾಗ ಗರ್ಭನಿರೋಧಕ್ಕೆ ಇದನ್ನು ನಂಬುವಂತಿಲ್ಲ. ನಾವೋ, ಇದನ್ನು ನುಂಗುತ್ತ ಆಮ್‌ಸ್ಟರ್‌ಡ್ಯಾಮಿನಿಂದ ಬೆಂಗಳೂರಿಗೆ ಹತ್ತು ಗಂಟೆ ಕಾಲು ಮಡಚಿ ಕೂತು ಹೋಗುವವರು. ದೂರದ ವಿಮಾನ ಪ್ರಯಾಣವೇ ಹೆಪ್ಪುಗಟ್ಟಲು ಒಂದು ಕಾರಣ. ಎರಡೂ ಸೇರಿದರೆ? ನನ್ನ ಗೆಳತಿಯೊಬ್ಬರಿಗೆ ತಂಗಿಯ ಮದುವೆ ಮುಗಿಸಿ ಬಂದ ನಾಲ್ಕನೇ ದಿನ ಮೀನಖಂಡ ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು. ಮಾತ್ರೆಯೋ ವಿಮಾನವೋ ಎರಡೂ ಸೇರಿಯೋ ಎಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಈಗ ಚೆನ್ನಾಗಿದ್ದಾರೆ, ಇದನ್ನು ಬರೆಯಲು ಒಪ್ಪಿದ್ದೂ ಅವರೇ. ಒಂದೇ ಕಾಲು ಊದುವುದು, ಮೀನಖಂಡ ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ಚುಚ್ಚುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಸೋಮವಾರದ ತನಕ ಕಾಯಬೇಡಿ. ರಾತ್ರಿಯಾದರೆ ಹೌಸ್‌ಆರ್ಟ್ಸನ್‌ಪೋಸ್ಟ್, ಉಸಿರಿನ ತೊಂದರೆಯಾದರೆ ನೇರ 112.

ಈಗಾಗಲೇ ಸಾಮಾನ್ಯ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹಬ್ಬಕ್ಕೆಂದು ಬೇರೆ ಗುಳಿಗೆಯೇ ಬೇಕಾಗಿಲ್ಲ. ಏಳು ದಿನ ಬಿಡುವು ಕೊಡದೆ ಮುಂದಿನ ಪಟ್ಟಿ ಶುರು ಮಾಡಿದರಾಯಿತು. ಆ ಬಿಡುವಿನಲ್ಲಿ ಬರುವುದು ನಿಜವಾದ ಮುಟ್ಟೂ ಅಲ್ಲ, ಹಾರ್ಮೋನ್ ನಿಂತದ್ದಕ್ಕೆ ಆಗುವ ಸ್ರಾವ ಅಷ್ಟೇ. (ಹಾಗಾದರೆ ಮಡಿ-ಮೈಲಿಗೆ ಲೆಕ್ಕ ಹೇಗೆ? ಪುರೋಹಿತರನ್ನು ಕೇಳಿ, ನನ್ನನ್ನಲ್ಲ!)

ಇನ್ನೊಂದು, ಪಿಸಿಓಡಿ. ಊರಿನಲ್ಲಿ ಮೊಡವೆಗೆ, ಮುಟ್ಟು ಏರುಪೇರಿಗೆ ಹುಡುಗಿಯರಿಗೆ "ಹಾರ್ಮೋನ್ ಮಾತ್ರೆ" ಬರೆದಿರುತ್ತಾರೆ. ಎಷ್ಟೋ ಸಲ ಅದು ಡಯಾನ್-35 ಅಥವಾ ಅದರದೇ ಇನ್ನೊಂದು ಹೆಸರು. ಅದು ಗರ್ಭವನ್ನೂ ತಡೆಯುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಅದಕ್ಕಿದೆ. 2013ರಲ್ಲಿ ಫ್ರಾನ್ಸ್ ಅದರ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತ್ತು. ಬೇರೆ ಚಿಕಿತ್ಸೆ ಫಲಿಸದ ಮಧ್ಯಮದಿಂದ ತೀವ್ರ ಮಟ್ಟದ ಮೊಡವೆ ಮತ್ತು ಅತಿರೋಮಕ್ಕೆ ಮಾತ್ರ ಬಳಸಿ ಎಂದು ಯುರೋಪು ಹೇಳಿತು. ಊರಿನಿಂದ ಆರು ತಿಂಗಳಿನ ಸ್ಟಾಕ್ ಸೂಟ್‌ಕೇಸಿನಲ್ಲಿ ತಂದು, ಇಲ್ಲಿಯ ಡಾಕ್ಟರಿಗೆ ಹೇಳದೆ ಇರುವವರು ನಮ್ಮಲ್ಲಿ ಇದ್ದಾರೆ. ಅದರ ಜೊತೆಗೆ ಇನ್ನೊಂದು ಮಾತ್ರೆ ಬರೆಸಿಕೊಂಡರೆ ಡಬಲ್ ಹಾರ್ಮೋನ್!

ಗಂಡಸರು ಓದಿ ಎಂದು ಮೊದಲೇ ಹೇಳಿದ್ದೆನಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್? ಇಲ್ಲವೆನ್ನುವಷ್ಟು ಕಡಿಮೆ. ಹೆಂಗಸರದಕ್ಕಿಂತ ಸುಲಭ, ಅರ್ಧ ಗಂಟೆಯ ಕೆಲಸ. ಇಲ್ಲಿಯ ನನ್ನ ಡಚ್ ಸಹೋದ್ಯೋಗಿಯೊಬ್ಬ ಶುಕ್ರವಾರ ಮಾಡಿಸಿಕೊಂಡು ಸೋಮವಾರ ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದ. ನಮ್ಮವರೊಬ್ಬರು ಕಾಫಿ ಕಪ್ಪಿನೊಳಗೇ ಮುಖ ಹುದುಗಿಸಿದರು.

ದುಡ್ಡಿನ ವಿಷಯ: ಹೌಸ್‌ಆರ್ಟ್ಸ್ ಭೇಟಿಗೆ ಎಯ್ಖನ್ ರಿಸಿಕೊ ಕತ್ತರಿಸುವುದಿಲ್ಲ, ಧಾರಾಳವಾಗಿ ಹೋಗಿ ಕೇಳಿ. ಮಾತ್ರೆಯ ಖರ್ಚು 21 ತುಂಬುವವರೆಗೆ ಮೂಲ ವಿಮೆಯಲ್ಲಿದೆ. 2011ರಿಂದ ಅದಕ್ಕೆ ಮೇಲ್ಪಟ್ಟವರು ಕೈಯಿಂದ ಕೊಡಬೇಕು, ಇಲ್ಲವೇ ಹೆಚ್ಚುವರಿ ವಿಮೆ ಇರಬೇಕು. ಎಂಡೊಮೆಟ್ರಿಯೋಸಿಸ್ ಇದ್ದರೆ ಅಥವಾ ಅತಿಸ್ರಾವದಿಂದ ರಕ್ತಹೀನತೆಯಾಗಿದ್ದರೆ ದೊಡ್ಡವರಿಗೂ ವಿಮೆ ಸಿಗುತ್ತದೆ, ಡಾಕ್ಟರ ಚೀಟಿಯಲ್ಲಿ ಕಾರಣ ಬರೆಸಿಕೊಳ್ಳಿ. ಅಡ್ಡಪರಿಣಾಮ ಏನಾದರೂ ಆದರೆ ಡೆನ್ ಬಾಸ್‌ನಲ್ಲೇ ಇರುವ ಲಾರೆಬ್ ಎಂಬ ಕೇಂದ್ರಕ್ಕೆ ನಾವೇ ನೇರವಾಗಿ ದೂರು ಬರೆಯಬಹುದು, ಡಾಕ್ಟರೇ ಬರೆಯಬೇಕೆಂದೇನಿಲ್ಲ.

ನನ್ನ ತಮ್ಮನ ಹೆಂಡತಿಗೆ ಇದ್ಯಾವುದೂ ಸಂಬಂಧವಿಲ್ಲ, ಅವಳು ಬೇರೆ ಮನೆಯ ಮಗಳು. ಆದರೆ ಅವರ ಮಗಳಿಗೆ ಇದೆ, ನನ್ನ ಮಗಳಿಗೂ ಇದೆ. ಅಮ್ಮನ ಹಳೆಯ ಆಸ್ಪತ್ರೆ ಚೀಟಿಯನ್ನು ಅಪ್ಪ ಟ್ರಂಕಿನಿಂದ ಹುಡುಕಿ, ಫೋಟೊ ತೆಗೆದು ಕಳಿಸಿದ್ದಾರೆ. ಎರಡೂ ಮನೆಯ ಫೈಲಿನಲ್ಲಿ ಒಂದೊಂದು ಪ್ರತಿ ಇದೆ. ನೀವೂ ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಕೇಳಿ. "ಹೆಪ್ಪು" ಎಂದು ಕೇಳಿದರೆ ಎಷ್ಟೋ ಹಿರಿಯರಿಗೆ ಗೊತ್ತಾಗುವುದಿಲ್ಲ, "ಬಾಣಂತನದಲ್ಲಿ ಯಾರಿಗಾದ್ರೂ ಒಂದೇ ಕಾಲು ಬಾತಿತ್ತಾ?" ಎಂದು ಕೇಳಿ.